ಶಂಖವತಿಯ ಬಂದರಿನ ಕೀಲಿ

ಶುಕ್ರವಾರ ಮಧ್ಯಾಹ್ನ, ಗಲ್ಫಿನ ಮುಐದರ್ ಬಡಾವಣೆಯಲ್ಲಿ ದುಗ್ಗು ಶೆಟ್ರ ಮನೆಯ ಹಾಲಿನಲ್ಲಿ ತಾಳಮದ್ದಳೆ. ಸೋಫಾಗಳನ್ನು ಗೋಡೆಗೆ ತಳ್ಳಿ ಜಮಖಾನ ಹಾಸಿದ್ದರು. ವೇಷವಿಲ್ಲ, ಕುಣಿತವಿಲ್ಲ, ಕೂತು ವಾದ ಮಾಡುವುದು. ಕಥೆ ಪದ್ಯದಲ್ಲಿ ಇದ್ದ ಹಾಗೆಯೇ ನಡೆಯಬೇಕು, ಮಾತು ಮಾತ್ರ ಆಡುವವನ ಸ್ವಂತದ್ದು. ಅದರಲ್ಲಿ ಇಂಗ್ಲಿಷೋ ಅರಬಿಯೋ ನುಸುಳಿದರೆ ವರ್ಷವಿಡೀ ಗೇಲಿ.

ಪ್ರಸಂಗ ಬರೆದವರು ಪದ್ಯ ಹಾಡಿ ಭಾಗವತಿಕೆ ಮಾಡುವ ಪೂವಕ್ಕನೇ. ಶಂಖವತಿ ಎಂಬ ದ್ವೀಪ. ಉಪ್ಪು ಮಾರಲು ಬಂದವನೊಬ್ಬ ಉಗ್ರಾಣಕ್ಕೆ ಜಾಗ ಕೇಳಿದ, ಉಗ್ರಾಣಕ್ಕೆಂದು ಕಾವಲಿನವರನ್ನು ತಂದ, ಅವರಿಂದಲೇ ಕೋಟೆ ಹಿಡಿದ. ಈಗ ಅವನ ಮೊಮ್ಮಗ ಅರಸ. ಬಂದರಿನ ಕೀಲಿಯನ್ನು ಮುದಿ ಕಾವಲುಗಾರನಿಂದ ಬಿಡಿಸಿ ಯುವರಾಜನಿಗೆ ಕೊಡಬೇಕೆಂದು ಅವನ ಹಟ. ಮುದುಕ ವಾದಿಸುತ್ತಾನೆ, ಸೋಲುತ್ತಾನೆ, ಕೊಡುತ್ತಾನೆ.

ಅರಸ ದುಗ್ಗು ಶೆಟ್ರು. ಯುವರಾಜ ಅವರ ಮಗ ಕೃತಿಕ್. ಮುದುಕ ಸೀನಪ್ಪ.

ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ಶೆಟ್ರ ಅಲ್ಯುಮಿನಿಯಂ ವರ್ಕ್‌ಶಾಪಿಗೆ ಸೀನಪ್ಪನೇ ಫೋರ್‌ಮನ್. ಶೆಡ್ಡಿಗೆ ತಗಡಿನ ಮಾಡು ಹಾಕುವ ಮೊದಲೇ ಅಲ್ಲಿದ್ದವನು. ಫೋರ್‌ಮನ್ ಕೆಲಸ ಕೃತಿಕ್‌ಗೆ ಹೋಗುತ್ತದೆಂದು ಮೆಸ್ಸಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಶೆಟ್ರನ್ನು ಕೇಳಿದರೆ "ನೋಡುವ" ಎಂಬ ಒಂದೇ ಉತ್ತರ. ಈ ಕೆಲಸ ಹೋದರೆ ಈ ವಯಸ್ಸಿನಲ್ಲಿ ಅವನನ್ನು ಬೇರೆ ಯಾರೂ ಕರೆಯುವುದಿಲ್ಲ.

"ಕೀಲಿ ಕೊಡು, ಮುದುಕಾ," ಎಂದರು ಶೆಟ್ರು. "ಬಂದರು ನನ್ನದು. ಮಗ ನನ್ನವನು."

"ಬಂದರು ನಿಮ್ಮದಾದದ್ದು ಯಾವಾಗ, ಪ್ರಭೂ? ನಿಮ್ಮಜ್ಜನವರು ಬಂದದ್ದು ಒಂದು ತೂತು ದೋಣಿಯಲ್ಲಿ. ಅದರ ನೀರು ಎತ್ತಿ ಚೆಲ್ಲಿದವರು ನಾವು."

"ಭಲೇ ಸೀನಪ್ಪಣ್ಣ," ಎಂದ ಹಿಂದೆ ಕೂತಿದ್ದ ಪಕೀರಬ್ಬ. ಶೆಟ್ರ ಮೊದಲ ಪಿಕಪ್ ಗಾಡಿಯನ್ನು ಸೀನಪ್ಪನೇ ತಳ್ಳಿ ಸ್ಟಾರ್ಟ್ ಮಾಡಬೇಕಿತ್ತೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ನೀರು ಚೆಲ್ಲಿದ್ದಕ್ಕೆ ಅನ್ನ ತಿಂದಿದ್ದೀಯಲ್ಲ?" ಎಂದರು ಶೆಟ್ರು.

"ತಿಂದಿದ್ದೇನೆ. ಆ ಅನ್ನ ಬೇಯಲು ಸೌದೆ ಹೊತ್ತವನೂ ನಾನೇ. ಯುವರಾಜರು ಬಂದರಿಗೆ ಎಷ್ಟು ಸಲ ಇಳಿದಿದ್ದಾರೆ, ಅವರನ್ನೇ ಕೇಳಿ."

ಕೃತಿಕ್‌ಗೆ ಬಾಯಿಪಾಠ ಮಾಡಿಸಿದ್ದು ಕೆಲವೇ ಮಾತು. ಅವನು ಅಪ್ಪನ ಮುಖ ನೋಡಿದ.

ಪೂವಕ್ಕ ತಾಳ ಕೈಗೆತ್ತಿಕೊಂಡರು. ಅವರು ಪದ್ಯ ಎತ್ತಿದರೆ ವಾದ ಮುಗಿಯಿತು, ಮುದುಕ ಸೋಲಲೇಬೇಕು. ಸೀನಪ್ಪ ಕೈ ಅಡ್ಡ ಹಿಡಿದ.

"ಒಂದು ಮಾತು ಬಾಕಿ ಉಂಟು, ಭಾಗವತರೇ. ಪ್ರಭೂ, ಕೀಲಿ ಕಸಿಯುವುದಾದರೆ ಮುಖ ನೋಡಿ ಹೇಳಬೇಕು. ಊರೆಲ್ಲ ಪಿಸುಗುಟ್ಟಲು ಬಿಟ್ಟು ತಾನು ಸುಮ್ಮನೆ ಕೂರುವುದು ಅರಸನ ಲಕ್ಷಣವಲ್ಲ. ಹೇಡಿಯ ಲಕ್ಷಣ."

ಶೆಟ್ರು ಜಮಖಾನಕ್ಕೆ ಕೈ ಬಡಿದರು.

"ಹೇಳ್ತೇನೆ, ಕೇಳು. ನಾಳೆಯಿಂದ ಆ ಬಾಗಿಲಿಗೆ ಕಾಲಿಡಬೇಡ. ಖಲಾಸ್."

ಅರಸನ ಬಾಯಲ್ಲಿ ಅರಬಿ ಬಂತೆಂದು ಯಾರೋ ಕಿಸಕ್ಕನೆ ನಕ್ಕರು. ಆ ನಗು ಅಲ್ಲಿಗೇ ನಿಂತಿತು. ವರ್ಕ್‌ಶಾಪಿನಲ್ಲಿ ಆಳನ್ನು ಕೆಲಸದಿಂದ ತೆಗೆಯುವಾಗ ಶೆಟ್ರು ಹೇಳುತ್ತಿದ್ದದ್ದು ಇದೇ ಮಾತು. ಮದ್ದಳೆಯ ಸುಶಾಂತ್ ಬೆರಳುಗಳನ್ನು ಹಿಂದಕ್ಕೆಳೆದುಕೊಂಡ.

"ಇದು ಅರಸರು ಹೇಳಿದ್ದಾ, ಶೆಟ್ರು ಹೇಳಿದ್ದಾ?" ಸೀನಪ್ಪ ಕೇಳಿದ.

"ಅಪ್ಪಾ, ಪ್ಲೀಸ್," ಎಂದ ಕೃತಿಕ್.

"ಅರಸ" ಎಂದಿದ್ದರೆ ಎಲ್ಲರೂ ನಕ್ಕು ಮುಂದೆ ಹೋಗುತ್ತಿದ್ದರು. ಶೆಟ್ರು ಹಾಲಿನಲ್ಲಿದ್ದ ಜನರನ್ನು ನೋಡಿದರು. ಹೇಡಿ ಎಂಬ ಮಾತು ಅವರಿಗೆ ಚುಚ್ಚಿತ್ತು.

"ಶೆಟ್ರು," ಎಂದರು.

ಸೀನಪ್ಪ ಎದ್ದು ಹೋಗುತ್ತಾನೆಂದು ಎಲ್ಲರೂ ಕಾದರು. ಅವನು ಕಾಲು ಮಡಚಿ ಇನ್ನೂ ಭದ್ರವಾಗಿ ಕೂತ.

"ಆಯ್ತು. ಅಲ್ಲಿಯ ಕೆಲಸ ನಿಮ್ಮ ಕೈಯಲ್ಲಿ, ಬಿಟ್ಟೆ. ಇಲ್ಲಿಯ ಕೀಲಿ ಕೊಡುವುದಿಲ್ಲ."

"ಕೊಡಬೇಕು ಅಂತ ಪದ್ಯದಲ್ಲಿ ಉಂಟು. ಪೂವಕ್ಕ, ಎತ್ತಿ ನೀವು."

ಪೂವಕ್ಕನ ಗಂಡನೂ ಅದೇ ಶೆಡ್ಡಿನಲ್ಲಿ ಕಟ್ಟಿಂಗ್ ಮೆಷಿನ್ ನೋಡಿಕೊಳ್ಳುವವನು. ಬಾಗಿಲ ಬಳಿ ನಿಂತಿದ್ದ ಅವನು, ಶೆಟ್ರನ್ನು ಎದುರು ಹಾಕಿಕೊಳ್ಳಬೇಡವೆಂದು ಹೆಂಡತಿಗೆ ತಲೆಯಾಡಿಸಿದ. ಪೂವಕ್ಕ ಅದನ್ನು ನೋಡಿದರು. ತಾಳ ತಟ್ಟಿ ದನಿ ಎತ್ತಿದರು.

ಎತ್ತಿದ್ದು ಮುದುಕ ಸೋಲುವ ಪದ್ಯವಲ್ಲ, ಮಂಗಳ ಪದ. ಅದು ಶುರುವಾದ ಮೇಲೆ ಪ್ರಸಂಗವನ್ನು ಮುಂದುವರಿಸುವ ಕ್ರಮವಿಲ್ಲ. ಕೀಲಿ ಇನ್ನೂ ಮುದುಕನ ಬಳಿಯೇ ಇತ್ತು. ಸುಶಾಂತ್ ತುಸು ತಡೆದು ಮದ್ದಳೆಗೆ ಕೈ ಹಾಕಿದ. ಶೆಟ್ರು ಏನೋ ಕೂಗಿದರು. ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.