ಏಳರಲ್ಲೇ ಬಿಟ್ಟ ಲೆಕ್ಕ

ಕಪ್ ತೆಗೆದಾಯ್ತು, ಆದ್ರೂ ಕಾಫಿ ಮೆಷಿನ್ನು ತೊಟ್ಟಿಕ್ತಾನೇ ಇದೆ, ಒರೆಸೋಣ ಅಂತ ಈ ಆಸ್ಪತ್ರೇಲಿ ಒಬ್ಬರಿಗೂ ಅನ್ನಿಸಲ್ಲ, ಕೂತ್ಕೊಳ್ಳಿ ಮೇಡಂ, ಲೆಕ್ಕ ಓಡ್ತಿದೆ, ಈಗ ಬರುತ್ತೆ, ಅಂತಾನೆ ಕಂಪ್ಯೂಟರ್ ಮುಂದಿರೋ ಕನ್ನಡಕದೋನು, ಕೂತ್ಕೋಬೇಕಂತೆ, ಎರಡು ವರ್ಷದಿಂದ ಕೂತೇ ಇದ್ದೀವಲ್ಲಪ್ಪ, ನಾನು, ಅಕ್ಕ, ಭಾವ, ಹೊರಗೆ ಬೆಂಚಿನ ಮೇಲೆ ಕಾಲಾಡಿಸ್ತಿರೋ ಕುಳ್ಳಿ — ಅಕ್ಕನ ಮಗಳನ್ನ ಕುಳ್ಳಿ ಅಂತ ಮುದ್ದಿಗೆ ಕರೆದಿದ್ದು ನಾನೇ, ತೊಟ್ಟಿಲಲ್ಲಿದ್ದಾಗ, ಆಮೇಲೆ ಅವಳು ನಿಜವಾಗ್ಲೂ ಬೆಳೀಲೇ ಇಲ್ಲ, ಈಗ ಕರೆಯೋಕೆ ನಾಲಿಗೆ ಏಳಲ್ಲ, ಬೇರೆ ಹೆಸರಲ್ಲಿ ಕರೆದ್ರೆ ಅವಳು ತಿರುಗಿ ನೋಡಲ್ಲ. ಏಳು ಅಂತಾನಲ್ಲ ಇವನು! ಪಿಎಚ್, ಅದೇ ಹುಳಿಯ ಅಳತೆ, ಲೆಕ್ಕದಲ್ಲಿ ಎಷ್ಟಿಟ್ಟಿದ್ರಿ ಅಂತ ಕೇಳಿದ್ರೆ, ಏಳು ಮೇಡಂ, ಎಲ್ಲ ಪ್ರೋಟೀನಿಗೂ ಏಳೇ, ಸಾಫ್ಟ್‌ವೇರ್ ಜೊತೆ ಹಾಗೇ ಬಂದಿದ್ದು, ನಾವು ಮುಟ್ಟಿಲ್ಲ, ಮುಟ್ಟಿಲ್ಲ ಅನ್ನೋದನ್ನ ದೊಡ್ಡ ಪುಣ್ಯದ ಕೆಲಸ ಅನ್ನೋ ಹಾಗೆ ಹೇಳ್ತಾನೆ, ಅಯ್ಯೋ ಮಹಾರಾಯ, ಕುಳ್ಳಿಯಲ್ಲಿ ಕೆಟ್ಟಿದೆಯೋ ಇಲ್ವೋ ಅಂತ ನೀನು ಲೆಕ್ಕ ಹಾಕ್ತಿರೋ ಈ ಕಿಣ್ವ ಕೆಲಸ ಮಾಡೋದು ರಕ್ತದಲ್ಲಲ್ಲ, ಜೀವಕೋಶದ ಒಳಗಿನ ಕಸದ ಚೀಲದಲ್ಲಿ, ಅಲ್ಲಿ ಹುಳಿ, ಐದೋ ಅದಕ್ಕೂ ಕೆಳಗೋ, ಪ್ರೋಟಾನು ಕಿಕ್ಕಿರಿದು ತುಂಬಿರೋ ಜಾಗ, ಅಲ್ಲಿ ಕಿಣ್ವದೊಳಗಿನ ಹಿಸ್ಟಿಡಿನ್ ಅನ್ನೋ ಅಮೈನೋ ಆಮ್ಲ ಸುಮ್ನೆ ಕೂರಲ್ಲ, ಒಂದು ಪ್ರೋಟಾನು ಹಿಡ್ಕೊಳ್ಳುತ್ತೆ, ಪಾಸಿಟಿವ್ ಆಗುತ್ತೆ, ಎದುರಿಗಿರೋ ನೆಗೆಟಿವ್‌ನ ಗಬಕ್ಕನೆ ಎಳ್ಕೊಳ್ಳುತ್ತೆ, ಆ ಹಿಡಿತ ಇದ್ರೇನೇ ಕಿಣ್ವದ ಬಾಯಿ ಆಕಾರದಲ್ಲಿ ನಿಲ್ಲೋದು, ಕಸ ಅಗಿಯೋದು. ಕುಳ್ಳಿಗೆ ಆ ಜಾಗದಲ್ಲಿ ಹಿಸ್ಟಿಡಿನ್ ಇಲ್ಲ, ಜೀನಿನ ಒಂದಕ್ಷರ ತಪ್ಪಿ ಗ್ಲುಟಮಿನ್ ಬಂದು ಕೂತಿದೆ, ಸುಮಾರು ಅಷ್ಟೇ ದಪ್ಪ, ಅಷ್ಟೇ ಉದ್ದ, ಆದ್ರೆ ಮೇಲೆ ಬಿದ್ದು ಕೊಟ್ರೂ ಪ್ರೋಟಾನು ತಗೊಳ್ಳಲ್ಲ — ಏಳರಲ್ಲಿಟ್ಟು ನೋಡಿದ್ರೆ ಹಿಸ್ಟಿಡಿನ್ನೂ ಬರಿಗೈಲೇ ಇರುತ್ತೆ, ಇದೂ ಬರಿಗೈ, ಇಬ್ಬರೂ ಒಂದೇ, ವ್ಯತ್ಯಾಸ ಏನಿಲ್ಲ, ಏನೂ ತೊಂದರೆ ಇಲ್ಲದ ಬದಲಾವಣೆ, ಮನೆಗೆ ಹೋಗಿ!

ಹೋದ್ವಲ್ಲ ಮನೆಗೆ, ಎರಡು ವರ್ಷದ ಹಿಂದೆ, ಅವತ್ತು ಅಕ್ಕ ಬಾಗಿಲು ಹಾಕ್ಕೊಂಡು ಸಂತೋಷಕ್ಕೆ ಅತ್ತಳು, ರಕ್ತದ ಪರೀಕ್ಷೆ ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ ಅಂತ ಬಂದಿತ್ತು, ಹಾಗಾಗಿ ಕಂಪ್ಯೂಟರ್ ಹೇಳಿದ್ದೇ ವೇದವಾಕ್ಯ, ರೋಗ ಇಲ್ಲ, ಔಷಧಿ ಬೇಡ, ರೋಗ ಇಲ್ಲ ಅಂದ್ಮೇಲೆ ಇನ್ನೇನು, ಸೋಮಾರಿತನ! ಪೆನ್ಸಿಲ್ ಸರಿಯಾಗಿ ಹಿಡಿಯೇ ಸೋಮಾರಿ, ಶಾಲೆಯ ಮಿಸ್ಸು ಅಕ್ಷರ ಚೆನ್ನಾಗಿಲ್ಲ ಅಂತ ಹೊರಗೆ ನಿಲ್ಲಿಸಿದ್ರು, ಅಕ್ಕ ಬೈದಳು, ಎರಡೇಟು ಹಾಕಿದಳು ಕೂಡ, ಕುಳ್ಳಿ ಏನಂದಳು, ನೋಯುತ್ತಮ್ಮ ಅಂದಳು ಅಷ್ಟೇ, ನಾಟಕ ಅಂದ್ರು ಭಾವ. ನಾನು ಬಡ್ಕೊಂಡೆ, ಇದೇ ಕೋಣೆಯ ಬಾಗಿಲಿಗೆ ಬಂದು ಬಡ್ಕೊಂಡೆ, ಯಾವ ಪಿಎಚ್ ಅಂತ ಒಂದ್ಸಲ ನೋಡಿ ಅಂತ, ಒಳಗೇ ಬಿಡಲಿಲ್ಲ, ದೊಡ್ಡ ಡಾಕ್ಟರು ನಕ್ಕು, ನೀವು ಕಾಲೇಜಲ್ಲಿ ಪಾಠ ಮಾಡೋರು, ನಾವು ರೋಗಿ ನೋಡೋರು, ಅಂದ್ರು, ಭಾವನಿಗೆ ಅವಮಾನ ಆಗಿ ಕಾರಲ್ಲಿ ಹಲ್ಲು ಕಡಿದ್ರು, ಡಾಕ್ಟರಿಗಿಂತ ನಿನಗೆ ಜಾಸ್ತಿ ಗೊತ್ತಾ, ಮನೆ ಹೆಂಗಸರನ್ನೆಲ್ಲ ಹೆದರಿಸ್ತೀಯ — ಹೌದು ಭಾವ, ಇದೊಂದು ವಿಷಯ ಜಾಸ್ತಿನೇ ಗೊತ್ತು, ಪ್ರೋಟೀನಿನ ಹರಳಿಗೆ ಎಕ್ಸ್-ರೇ ಹಾಯಿಸಿ ತೆಗೆದ ಚಿತ್ರದಲ್ಲೂ ಪ್ರೋಟಾನು ಕಾಣಲ್ಲ, ಎಲ್ಲಿದೆ ಅಂತ ನಾವೇ ತಲೆ ಖರ್ಚು ಮಾಡಿ ಇಡಬೇಕು, ಇವರು ಖರ್ಚು ಮಾಡಲಿಲ್ಲ, ಅಷ್ಟೇ, ತಲೆ ಉಳಿಸಿಕೊಂಡ್ರು. ಇವತ್ತು ಒಳಗೆ ಬಿಟ್ಟಿದ್ದು ಯಾಕಂತೆ, ನಾನು ಬಾಗಿಲಲ್ಲೇ ನಿಂತು ಆಸ್ಪತ್ರೆಗೆಲ್ಲ ಕೇಳೋ ಹಾಗೆ ಕಿರುಚಿದೆ, ಅದಕ್ಕೆ, ಮಾನ ಹೋಗುತ್ತೆ ಅಂತ.

ಬಂತು ಮೇಡಂ, ಅಂತಾನೆ. ಬಂತಾ? ಕಪ್ಪಿನಿಂದ ಇನ್ನೂ ಹಬೆ ಏಳ್ತಿದೆ, ಒಂದು ಗುಟುಕೂ ಕುಡಿದಿಲ್ಲ, ಬಂದೇಬಿಡ್ತಾ? ಏಳು ಅಳಿಸಿ ಐದು ಒತ್ತಿದ್ದಷ್ಟೇ, ಪರದೆ ತುಂಬ ಕೆಂಪು, ಹಿಡಿತ ಹೋಗಿದೆ, ಕಿಣ್ವದ ಬಾಯಿ ಸೊಟ್ಟಗಾಗಿದೆ, ಕನ್ನಡಕದೋನ ಮುಖ ಬಿಳಿಚಿಕೊಂಡಿದೆ, ಸಾರಿ ಮೇಡಂ, ಯಾರೂ ಹೇಳಿರಲಿಲ್ಲ ಮೇಡಂ, ಹೇಳಿದ್ನಲ್ಲೋ, ನಿನ್ನ ಬಾಗಿಲಿಗೆ ಹೇಳಿದ್ದೆ! ದೊಡ್ಡ ಡಾಕ್ಟರು ಬಂದ್ರು, ನೋಡಿದ್ರು, ಕೆಮ್ಮಿದ್ರು, ಪರವಾಗಿಲ್ಲ, ಈಗಲಾದ್ರೂ ಗೊತ್ತಾಯ್ತಲ್ಲ, ಆ ಕಿಣ್ವವನ್ನೇ ಹೊರಗಿಂದ ಕೊಡೋಕೆ ಶುರು ಮಾಡೋಣ, ಇನ್ನು ಹೆಚ್ಚಾಗದ ಹಾಗೆ ತಡೀಬಹುದು, ಅಂದ್ರು, ಆಗಿರೋದು ಡಾಕ್ಟ್ರೇ, ಆಗಿರೋದು ಏನಾಗುತ್ತೆ ಅಂತ ಕೇಳಿದೆ, ಅವರು ಕೆಂಪು ಪರದೆಯನ್ನೇ ನೋಡ್ತಾ, ಕೀಲಲ್ಲಿ, ಬೆರಳಿನ ಕೀಲಿಗೆ ಬಂದಿರೋ ಬಿಗಿತ ವಾಪಸ್ ಹೋಗಲ್ಲಮ್ಮ, ಅಂದ್ರು, ಅಮ್ಮ ಅಂದ್ರು, ಮೊದಲ ಸಲ, ಎರಡು ವರ್ಷ ಮೇಡಂ ಅಂದ ಬಾಯಲ್ಲಿ, ಹೊಡೀಬೇಕು ಅನ್ನಿಸ್ತು, ನಿಜವಾಗ್ಲೂ ಕೈ ಎತ್ತಿದ್ನೋ ಏನೋ, ಕನ್ನಡಕದೋನು ಹಿಂದಕ್ಕೆ ಸರಿದ. ಹೊರಗೆ ಅಕ್ಕನಿಗೆ ಅರ್ಧ ಮಾತೇ ಕೇಳಿಸಿದೆ, ಔಷಧಿ ಅನ್ನೋದಷ್ಟೇ, ನನ್ನ ತಬ್ಬಿಕೊಂಡು, ನೀನು ಗೆದ್ದೆ ಕಣೇ, ಗೆದ್ದೆ, ಅಂತ ಅಳ್ತಾಳೆ ನಗ್ತಾಳೆ, ಭಾವ ತಲೆ ತಗ್ಗಿಸಿ ನಿಂತಿದ್ದಾರೆ, ಹೇಗೆ ಹೇಳ್ಲಿ ನಾನು, ಯಾವ ಬಾಯಲ್ಲಿ ಹೇಳ್ಲಿ, ಕುಳ್ಳಿ ಬೆಂಚಿಂದ ಜಾರಿ ಇಳಿದು ಓಡಿ ಬರ್ತಾಳೆ, ಗೆದ್ಯಾ ಚಿಕ್ಕಮ್ಮ, ಹಾಗಿದ್ರೆ ಕೈ ಹೊಡಿ, ಅಂತ ಅಂಗೈ ಎತ್ತುತ್ತಾಳೆ, ಸರಿಯಾಗಿ ಬಿಡಿಸೇ, ಅಂತಾಳೆ ಅಕ್ಕ ನಗ್ತಾ, ಅವಳು ಬಿಡಿಸ್ತಾಳೆ, ಬೆರಳು ಅರ್ಧಕ್ಕೆ ನಿಲ್ಲುತ್ತೆ, ತುಟಿ ಕಚ್ಚಿ ಮತ್ತೆ ಬಿಡಿಸ್ತಾಳೆ, ಅರ್ಧಕ್ಕೆ, ಇಷ್ಟೇ ಚಿಕ್ಕಮ್ಮ, ಅಂತಾಳೆ, ಮತ್ತೆ ಬಿಡಿಸ್ತಾಳೆ, ಅರ್ಧಕ್ಕೆ —