ಹದ್ದಿನ ಎದೆಯ ಮಚ್ಚೆ

"ಸಾಕು ಬಿಡು ಗೆರ್ಲಿಂಡ್, ಬಿಡು ಅದನ್ನ," ಎನ್ನುತ್ತ ಓರ್ಟ್ರೂಡ್ ಗಂಡನ ಅಕ್ಕನ ಮಡಿಲಿನಿಂದ ಹೆಲ್ಮೆಟ್ಟನ್ನು ಕಿತ್ತುಕೊಂಡಳು. ಆದರೆ ಆಗಬೇಕಾದ್ದು ಆಗಿಹೋಗಿತ್ತು. ಜರ್ಮನ್ ದೊರೆ ಕೈಸರನ ಕಾಲದ ಆ ಕರಿ ಚರ್ಮದ ಸಿಪಾಯಿ ಹೆಲ್ಮೆಟ್ಟಿನ ಮೇಲೆ ಹಿತ್ತಾಳೆಯ ಹದ್ದು ಅಂಗಡಿಯ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

"ಯಾಕೆ ಮುಖ ಸಿಂಡರಿಸ್ತೀಯ? ತಮ್ಮನ ಶವಪೆಟ್ಟಿಗೆ ಪಕ್ಕ ಇಡೋ ವಸ್ತು. ಊರವರ ಮುಂದೆ ಕಿಲುಬು ಹಿಡಿದದ್ದನ್ನ ಇಡೋಕಾಗತ್ತಾ? ಉಜ್ಜಿ ಉಜ್ಜಿ ನನ್ನ ರಟ್ಟೆ ಬಿದ್ದುಹೋಯ್ತು."

ಇಗರ್ಜಿಗೆ ಕರೆದೊಯ್ಯಲು ಬಂದ ಎಕಾರ್ಟ್ ಬಾಗಿಲಲ್ಲೇ ನಿಂತ. ಹಳೇ ಹೆಲ್ಮೆಟ್ಟುಗಳ ಹುಚ್ಚಿನಲ್ಲಿ ಓರ್ಟ್ರೂಡಳ ಗಂಡ ಫೋಲ್ಕ್‌ಮಾರನ ಜೊತೆಗಾರ ಅವನು. ತನ್ನ ಮಣ್ಣಾದ ಮೇಲೆ ಹೆಲ್ಮೆಟ್ಟು ಅವನಿಗೇ ಸೇರಬೇಕೆಂದು ಫೋಲ್ಕ್‌ಮಾರ್ ಹೇಳಿಹೋಗಿದ್ದ.

"ಚಿನ್ನದ ಗಿಲೀಟೆಲ್ಲ ಹೋಯ್ತಲ್ಲ," ಎಂದ ಎಕಾರ್ಟ್. "ಬರೀ ಹಿತ್ತಾಳೆ ಉಳೀತು."

"ಚೆನ್ನಾಗಿ ಹೊಳೀತಿದೆಯಲ್ಲ?"

"ಅದೇ ಗೋಳು."

"ಇಬ್ಬರೂ ಬಾಯಿ ಮುಚ್ಕೊಂಡು ಕಾರು ಹತ್ತಿ," ಎಂದಳು ಓರ್ಟ್ರೂಡ್. ಗಂಡ ಸತ್ತನೆಂದು ದುಃಖಪಡಲೂ ಈ ಮನೆಯಲ್ಲಿ ಪುರುಸೊತ್ತಿಲ್ಲ.

*

ಮದುವೆಯಾದ ಹೊಸತರಲ್ಲಿ ಅವಳೂ ಒಮ್ಮೆ ಪಾಲಿಶ್ ಡಬ್ಬಿ ತೆರೆದಿದ್ದಳು. "ಕೈ ಇಡಬೇಡ," ಎಂದು ಫೋಲ್ಕ್‌ಮಾರ್ ಓಡಿಬಂದಿದ್ದ. "ನೋಡಿಲ್ಲಿ, ಈ ರೆಕ್ಕೆ ಸವೆದಿದೆ, ಆ ರೆಕ್ಕೆ ಸಂದಿಯಲ್ಲಿ ಚಿನ್ನ ಇನ್ನೂ ಇದೆ. ಇದನ್ನ ಉಜ್ಜುತ್ತಿದ್ದ ಸಿಪಾಯಿ ಎಡಚ ಕಣೇ. ಹೆಸರು ಗೊತ್ತಿಲ್ಲ, ಅವನ ಕೈ ಮಾತ್ರ ಗೊತ್ತು."

"ಸಿಪಾಯಿ ಉಜ್ಜಿದ್ರೆ ಚೆಂದ, ಹೆಂಡತಿ ಉಜ್ಜಿದ್ರೆ ಪಾಪವಾ?"

ಅವನು ಪಾಲಿಶ್ ಡಬ್ಬಿಯ ಮುಚ್ಚಳ ಒತ್ತಿ ಎತ್ತಿಟ್ಟ. ಅಂದಿನಿಂದ ಅವಳು ಹೆಲ್ಮೆಟ್ಟಿನ ಸುತ್ತ ಮಾತ್ರ ಧೂಳು ಒರೆಸಿದಳು. ದಿನಾ ಸಂಜೆ ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು, ಹದ್ದಿನ ಎದೆಗೆ ಹೆಬ್ಬೆರಳು ಊರಿ ರೇಡಿಯೋ ಕೇಳುತ್ತಿದ್ದ. ಬೆರಳು ಕೂತ ಜಾಗದಲ್ಲಿ ಗಿಲೀಟು ಸವೆದು ಕಂದು ಮಚ್ಚೆ ಎದ್ದಿತ್ತು. ನನ್ನ ಕೈಯನ್ನಾದರೂ ಒಂದು ದಿನ ಹೀಗೆ ಹಿಡಿದು ಕೂರಬಾರದಾ ಎಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

*

ಇವತ್ತು ಹೆಲ್ಮೆಟ್ಟು ಎಕಾರ್ಟ್‌ನ ಕೈ ಸೇರುವ ಮೊದಲು ಆ ಮಚ್ಚೆಯ ಮೇಲೆ ತನ್ನ ಬೆರಳನ್ನು ಒಮ್ಮೆ ಇಡಬೇಕು ಅಂದುಕೊಂಡಿದ್ದಳು, ಅಷ್ಟೇ. ಈಗ ಅಲ್ಲಿ ಅವಳ ಮುಖವೇ ಕಾಣುತ್ತಿತ್ತು.

"ಉಜ್ಜಿದ ಬಟ್ಟೆ ಎಲ್ಲಿ?"

"ಕಸದ ಡಬ್ಬಿಗೆ ಹಾಕಿದೆ. ಯಾಕೆ, ಅದೂ ಬೇಕಾ?" ಎಂದಳು ಗೆರ್ಲಿಂಡ್.

ಓರ್ಟ್ರೂಡ್ ಡಬ್ಬಿಗೆ ಬಗ್ಗಿ, ಹದ್ದಿನ ಮಸಿ ಹತ್ತಿದ ಆ ಬಟ್ಟೆಯನ್ನು ಹೆಕ್ಕಿ ಕೈಚೀಲಕ್ಕೆ ತುರುಕಿಕೊಂಡಳು. ಇಗರ್ಜಿಯಲ್ಲಿ ಪಾದ್ರಿಯ ಪ್ರಾರ್ಥನೆ ಮುಗಿಯುವವರೆಗೂ ಅವಳ ಬಲಗೈ ಚೀಲದಿಂದ ಹೊರಗೆ ಬರಲಿಲ್ಲ.

ಗುಂಡಿಯ ಬಳಿ ಒಬ್ಬೊಬ್ಬರೇ ಮಣ್ಣು ಹಾಕಿದರು, ಹೂವು ಹಾಕಿದರು. ಅವಳ ಸರದಿ ಬಂತು. ಎಕಾರ್ಟ್ ಬಿಳಿ ಲಿಲಿಯೊಂದನ್ನು ಅವಳ ಕೈಗಿತ್ತ. ಅವಳು ಹಿಡಿದದ್ದೇ ತಡ, ದಳದ ಮೇಲೆ ಹೆಬ್ಬೆರಳಿನ ಕರಿ ಗುರುತು ಒತ್ತಿಕೊಂಡಿತು.

"ಅಯ್ಯೋ, ಕೊಡಿಲ್ಲಿ, ಒರೆಸಿ ಕೊಡ್ತೀನಿ," ಎನ್ನುತ್ತ ಗೆರ್ಲಿಂಡ್ ಕರವಸ್ತ್ರ ಬಿಚ್ಚಿದಳು.

"ಕೈ ಇಡಬೇಡ," ಎಂದಳು ಓರ್ಟ್ರೂಡ್.

ಲಿಲಿ ಪೆಟ್ಟಿಗೆಯ ಮೇಲೆ ಬಿತ್ತು, ಮಚ್ಚೆ ಮೇಲಾಗಿ.