ಯಾವ ನೀರು

ನಮ್ಮ ಚಿಕ್ಕಪ್ಪ ಬಾಯಾರಿದಾಗ 'ನೀರು' ಎಂಬ ಮಾತನ್ನೇ ಆಡುತ್ತಿರಲಿಲ್ಲ. "ಕುಡಿಯೋಕೆ ಏನಾದ್ರೂ ಕೊಡಮ್ಮ" ಎನ್ನುವರು. ಹಾಲು ತಂದರೆ ಬೇಡವೆಂದು ತಲೆಯಾಡಿಸುವರು, ಕಾಫಿಗೂ ಅದೇ ಉತ್ತರ, ಕೊನೆಗೆ ಯಾರಾದರೂ ಅರ್ಥಮಾಡಿಕೊಂಡು ಚೊಂಬು ತಂದಿಟ್ಟರೆ ಗಟಗಟನೆ ಮುಗಿಸಿ ಮೀಸೆ ಒರೆಸಿಕೊಳ್ಳುವರು. ಹೊಳೆಯಿಂದ ಗಾಲಿಯನ್ನೂ ಗಾಲಿಯಿಂದ ಕಲ್ಲನ್ನೂ ತಿರುಗಿಸಿ ಮೂವತ್ತೆಂಟು ವರ್ಷ ಊರಿಗೆಲ್ಲ ಹಿಟ್ಟು ಬೀಸಿಕೊಟ್ಟ ಮನುಷ್ಯನ ನಾಲಿಗೆಗೆ ಆ ಎರಡಕ್ಷರ ಭಾರವಾದದ್ದಕ್ಕೆ ಕಾರಣವಿತ್ತು.

ಆಳು ಕುಳ್ಳು, ಗಂಟಲು ದೊಡ್ಡದು. ಗಿರಣಿಯ ಗದ್ದಲದ ಮೇಲೆ ಮಾತಾಡಿ ಮಾತಾಡಿ ಗುಟ್ಟನ್ನೂ ಕೂಗಿಯೇ ಹೇಳುವ ಅಭ್ಯಾಸ. ಹಾಗಾಗಿ ಅವರ ಕಿವಿಗೆ ಗುಟ್ಟು ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಮೈಮೇಲಿನ ಕೋಟಿನ ಹೊಲಿಗೆಗಳಲ್ಲೆಲ್ಲ ಹಿಟ್ಟು ಸೇರಿ ಅದರ ಮೂಲವರ್ಣ ಸಂಶೋಧಕರಿಗೆ ಬಿಟ್ಟ ವಿಷಯವಾಗಿತ್ತು. ಹಿಟ್ಟಿನ ನಯವನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡುವುದು ಗಿರಣಿಯವರ ವೃತ್ತಿಧರ್ಮ. ಇವರು ಸಿಕ್ಕಿದ್ದನ್ನೆಲ್ಲ ಹಾಗೆ ತಿಕ್ಕಿ ನೋಡುತ್ತಿದ್ದರು, ನನ್ನ ಮದುವೆಯ ಕರೆಯೋಲೆಯನ್ನೂ. "ಕಾಗದ ತರಿತರಿ ಅನ್ಸುತ್ತಲ್ಲೋ" ಎಂದದ್ದಷ್ಟೇ ನನಗೆ ಸಿಕ್ಕ ಆಶೀರ್ವಾದ.

ಗಿರಣಿ ಓಡುತ್ತಿದ್ದ ಕಾಲದಲ್ಲಿ ಗಾಲಿಯ ಮಾತೆತ್ತಿದರೆ ಸಾಕು, ಕೋಟಿನ ತೋಳು ಮೇಲೇರುತ್ತಿತ್ತು. "ನೀರು ಹೊಡೆದು ತಿರುಗಿಸುತ್ತೆ ಅಂದ್ಕೊಂಡಿದೀಯಾ? ಇಲ್ಲ ಕಣೋ. ಮೇಲಿಂದ ಬಂದು ಗಾಲಿ ಅಂಚಿನ ತೊಟ್ಟೀಲಿ ಕೂತ್ಕೊಳ್ಳುತ್ತೆ. ಆ ಭಾರಕ್ಕೆ ತೊಟ್ಟಿ ಇಳಿಯುತ್ತೆ, ಹಿಂದಿನ ತೊಟ್ಟಿ ಬಂದು ಬಾಯೊಡ್ಡುತ್ತೆ." ಗುಡ್ಡದ ಮೇಲೆ ಗಾಳಿಯಂತ್ರ ಇಟ್ಟಿದ್ದ ಗೆಳೆಯನನ್ನು ಛೇಡಿಸುವುದೆಂದರೆ ಎಲ್ಲಿಲ್ಲದ ಖುಷಿ. "ನಾನು ಕಟ್ಟೆ ಕಟ್ಟಿ ನೀರು ಕೂಡಿಡ್ತೀನಿ. ಅವನು ಗಾಳೀನ ಯಾವ ಗಡಿಗೇಲಿ ತುಂಬಿಡ್ತಾನೆ? ಅವನದ್ದು ಬರೀ ಗಾಳಿಗೋಪುರ!"

ಮನೆಗೂ ಗಿರಣಿಗೂ ನಡುವೆ ಒಂದೇ ಗೋಡೆ. ಒಳಗೆ ಕಲ್ಲಿನ ಬಾಯಿಗೆ ಕಾಳು ಸುರಿಯುವವಳು ಚಿಕ್ಕಮ್ಮ, ಹೊರಗೆ ತೂಬಿನ ಹಲಗೆ ಎತ್ತುವವರು ಚಿಕ್ಕಪ್ಪ. ಕಾಳು ಸುರಿದಾದ ಮೇಲೆ ಅವಳು ಕಿಂಡಿಯಿಂದ "ನೀರು ಕೊಡೀ!" ಎಂದು ಕೂಗುವಳು; ಹಲಗೆ ಏಳುವುದು, ಗಾಲಿ ನರಳುತ್ತ ಹೊರಳುವುದು. ಇವರ ದಾಂಪತ್ಯದಲ್ಲಿ ಇದೊಂದೇ ಮಾತುಕತೆ ಎಂದು ಚಿಕ್ಕಮ್ಮನ ಅಕ್ಕ, ಅಂದರೆ ನನ್ನ ಅಮ್ಮ, ನಗುತ್ತಿದ್ದಳು.

ಚಿಕ್ಕಮ್ಮ ಹಾಸಿಗೆ ಹಿಡಿದಾಗ, ಸದ್ದು ಅವಳಿಗಾಗದೆಂದು ಚಿಕ್ಕಪ್ಪ ಗಾಲಿ ನಿಲ್ಲಿಸಿದರು. ಐದು ವಾರ ಆ ಮನೆಯಲ್ಲಿ ಪಿಸುಮಾತೂ ಕೇಳುವಷ್ಟು ಮೌನ. ಒಂದು ಮಧ್ಯಾಹ್ನ, ಅಮ್ಮನೂ ಚಿಕ್ಕಪ್ಪನೂ ಹತ್ತಿರ ಕೂತಿದ್ದಾಗ, ಅವಳು ಕಣ್ಣು ತೆರೆದು "ನೀರು ಕೊಡಿ" ಎಂದಳು. ಚಿಕ್ಕಪ್ಪ ದಡಕ್ಕನೆ ಎದ್ದು ಓಡಿದರು; ಪಕ್ಕದಲ್ಲೇ ಇದ್ದ ಚೊಂಬನ್ನು ಬಿಟ್ಟು ತೂಬಿನ ಕಡೆಗೆ. ಹಲಗೆ ಎತ್ತಿದರು, ಗಾಲಿ ತಿರುಗಿತು. ಒಳಗೆ ಬರುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಯಾರೂ ಅವರನ್ನು ಒಂದು ಮಾತು ಅನ್ನಲಿಲ್ಲ, ಅದನ್ನೇ ಅವರಿಗೆ ಸಹಿಸಲಾಗಲಿಲ್ಲ. ಹೆಂಡತಿ ಬಾಯಾರಿಯೇ ಹೋದಳೇನೋ ಎಂಬ ಸಂಕಟ ಒಳಗೊಳಗೇ ಅವರನ್ನು ತಿಂದುಹಾಕಿತು. ಊರವರು ಕರೆಂಟಿನ ಗಿರಣಿಗೆ ಹೋಗತೊಡಗಿದರೂ ಇವರು ದಿನಾ ಮಧ್ಯಾಹ್ನ, ಬರಿಗಲ್ಲು ತಿಕ್ಕಿ ಸವೆಯದಂತೆ ಮೇಲಿನ ಕಲ್ಲನ್ನು ಎತ್ತಿಟ್ಟು, ಗಾಲಿಯನ್ನಷ್ಟೇ ತಿರುಗಬಿಟ್ಟು ಕಿಂಡಿಯ ಕೆಳಗೆ ಕೂರುವರು. ಯಾಕೆಂದು ನಾನೊಮ್ಮೆ ಕೇಳಿದೆ. "ಅವಳಿಲ್ದೆ ಆಗ್ತಿಲ್ಲ ಕಣೋ" ಎಂದು ಕೂಗಿದರು. ಅದನ್ನೂ ಕೂಗಿಯೇ ಹೇಳಬೇಕಾಯಿತಲ್ಲ, ಪಾಪ.

ಚಿಕ್ಕಮ್ಮ ಹೋದ ನಾಲ್ಕನೆಯ ವರ್ಷ ನಮ್ಮ ಮನೆಗೆ ಬಂದ ಚಿಕ್ಕಪ್ಪ, ನಡುಮನೆಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದ ಅಮ್ಮನನ್ನು ಮೆಲುದನಿಯಲ್ಲಿ ಕೇಳಿದರು. ಆ ದನಿ ಅವರಲ್ಲಿದೆಯೆಂದೇ ನನಗೆ ಗೊತ್ತಿರಲಿಲ್ಲ.

"ಅಕ್ಕಾ, ಅವಳು ಕೇಳಿದ್ದು ಯಾವ ನೀರು?"

ಅಮ್ಮನ ಕೈ ನಿಂತಿತು. "ನನಗೂ ಗೊತ್ತಿಲ್ಲ. ನೀವು ಎದ್ದು ಹೋದ ಕೂಡ್ಲೆ ಒಂದು ಚಮಚ ಬಾಯಿಗೆ ಹಾಕ್ದೆ, ನುಂಗಿದ್ಲು. ಅಷ್ಟರಲ್ಲಿ ಗಾಲಿ ಸದ್ದು ಬಂತು, ಗೋಡೆ ಕಡೆ ಮುಖ ತಿರುಗಿಸಿದ್ಲು. ಯಾವುದಾದ್ರೇನು? ಎರಡೂ ಸಿಕ್ತು ಅವಳಿಗೆ."

ಚಿಕ್ಕಪ್ಪ ಕೋಟಿನ ತೋಳಿನಲ್ಲಿ ಮುಖ ಮುಚ್ಚಿಕೊಂಡು, "ನಾನೇ ಸಿಗ್ಲಿಲ್ವಲ್ಲ ಅಕ್ಕಾ" ಎಂದರು.

ಕೆಲಸದ ಮೂಲಕವೇ ಪ್ರೀತಿಸಲು ಕಲಿತವರೆಲ್ಲರ ಪಾಡು ಬಹುಶಃ ಇದೇ. ಪ್ರೀತಿಪಾತ್ರರು ಏನಾದರೂ ಕೇಳಿದರೆ ಅವರಿಂದ ಕೂರಲಾಗದು. ಎದ್ದು ಓಡುತ್ತಾರೆ, ತಮಗೆ ತಿಳಿದ ಒಂದೇ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿ ಬರುತ್ತಾರೆ. ಕೈ ಹಿಡಿದು ಸುಮ್ಮನೆ ಕೂರುವುದೂ ಒಂದು ಕೆಲಸವೆಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.